ಮೀನಿನ ಮೇಲೆ ಹೊದಿಸಿದ ಅಂತರಗಂಗೆ

ಭಾನುವಾರ ಬಂತೆಂದರೆ ಚಲುವರಾಜುವಿನ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ವಾರದ ಆರು ದಿನ ಹೊಲ, ದನ, ಹೊಗೆಸೊಪ್ಪು ಎಂದು ಮೈಮುರಿದು ದುಡಿಯುವ ಮನುಷ್ಯ ಅವನು. ಏಳನೆಯ ದಿನ ಮಾತ್ರ ಬೆಳಕು ಹರಿಯುವ ಮುಂಚೆಯೇ ಎದ್ದು, ತಿಪ್ಪೆಯ ಪಕ್ಕದಲ್ಲಿ ಎರೆಹುಳು ಅಗೆದು ಡಬ್ಬಿಗೆ ತುಂಬಿ, ಗಾಳದ ಕೋಲು ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ. ಗೆಳೆಯ ಸ್ವಾಮಿಯ ಬೈಕಿನ ಸದ್ದು ಕೇಳಿದರೆ ಸಾಕು, ಕುಡಿಯುತ್ತಿದ್ದ ಕಾಫಿಯೂ ಅರ್ಧಕ್ಕೇ ನಿಲ್ಲುತ್ತದೆ.

ಅವನ ಊರು ಹುಣಸೂರಿನ ಹತ್ತಿರದ ಕಟ್ಟೆಕೊಪ್ಪಲು. ಊರಿಗೊಂದು ಒಳ್ಳೆಯ ಕೆರೆಯೇ ಇದೆ. ಆದರೆ ಈ ವರ್ಷ ಅದಕ್ಕೆ ಗಾಳ ಹಾಕುವ ಹಾಗಿಲ್ಲ. ಊರಿನ ಹೆಂಗಸರ ಸ್ವಸಹಾಯ ಸಂಘದವರು ಕೆರೆಯನ್ನು ಮೀನು ಸಾಕುವುದಕ್ಕೆ ಪಡೆದುಕೊಂಡು, ಆಷಾಢದಲ್ಲಿ ಕಾಟ್ಲಾ, ರೋಹು ಮರಿಗಳನ್ನು ಬಿಟ್ಟಿದ್ದಾರೆ. ಹನ್ನೆರಡು ಮನೆಯ ಹೆಂಗಸರು ಮೊದಲ ಸಲ ಕೈಹಾಕಿದ ಕೆಲಸ. ಸಂಘಕ್ಕೆ ಮುಂದಾಳು ಬೇರೆ ಯಾರೂ ಅಲ್ಲ, ಚಲುವರಾಜುವಿನ ಹೆಂಡತಿ ರಮ್ಯಾ. ಮರಿ ಬಿಟ್ಟ ದಿನವೇ ಅವಳು ಎಲ್ಲರ ಎದುರಿಗೆ ಗಂಡನಿಗೆ ಹೇಳಿಬಿಟ್ಟಿದ್ದಳು.

“ಊರೋರಿಗೆಲ್ಲ ಒಂದು ಕಾನೂನು, ನನ್ ಗಂಡಂಗೊಂದು ಕಾನೂನು ಅಂತೇನಿಲ್ಲ. ಈ ಕೆರೆಗೆ ನೀವೂ ಗಾಳ ಹಾಕ್ಬ್ಯಾಡಿ.”

“ಆಯ್ತು ಬುಡಮ್ಮಿ, ಕಾವೇರಿ ಹೊಳೆ ಏನು ಬತ್ತೋಗ್ಯದಾ?” ಎಂದು ಚಲುವರಾಜು ಮೀಸೆಯ ಮೇಲೆ ಕೈಯಾಡಿಸಿದ್ದ.

ಅಂದಿನಿಂದ ಭಾನುವಾರದ ಸವಾರಿ ಸಾಲಿಗ್ರಾಮದ ಕಡೆಗೆ. ಅಲ್ಲಿ ಹೊಳೆಯ ನೀರು ಒಂದು ಪಕ್ಕಕ್ಕೆ ಸರಿದು ನಿಂತ ಒಂದು ಮಡು ಇದೆ. ಗಾಳದ ಹುಚ್ಚಿರುವವರಿಗೆ ಅದು ತವರುಮನೆ ಇದ್ದ ಹಾಗೆ. ಕೆ.ಆರ್. ನಗರದಿಂದ, ಪಿರಿಯಾಪಟ್ಟಣದಿಂದ ಎಲ್ಲ ಬರುತ್ತಾರೆ. ಬೆಳಿಗ್ಗೆಯಿಂದ ನೀರು ನೋಡುತ್ತ ಕೂರುವುದು, ಮಧ್ಯಾಹ್ನ ಮೂರು ಕಲ್ಲು ಹೂಡಿ ಸಾರು ಕುದಿಸಿ ಮನೆಯಿಂದ ತಂದ ಮುದ್ದೆಯ ಜೊತೆಗೆ ಉಣ್ಣುವುದು, ತಪ್ಪಿಸಿಕೊಂಡು ಹೋದ ಮೀನು ಎಷ್ಟು ಉದ್ದವಿತ್ತು ಎಂದು ಕೈ ಅಗಲಿಸಿ ತೋರಿಸುವುದು. ಸಂಜೆಯಾಗುತ್ತ ಆಗುತ್ತ ಆ ಮೀನು ಬೆಳೆಯುತ್ತಲೇ ಹೋಗುತ್ತಿತ್ತು.

ಇರುವುದು ಒಂದೇ ತಾಪತ್ರಯ. ಸಿಕ್ಕ ಮೀನನ್ನು ಅಷ್ಟು ದೂರ ಬೈಕಿನಲ್ಲಿ ತರುವಷ್ಟರಲ್ಲಿ ಬಿಸಿಲಿಗೆ ಮೆತ್ತಗಾಗಿಬಿಡುತ್ತಿತ್ತು. ಅದಕ್ಕೆ ಸ್ವಾಮಿ ಒಂದು ಉಪಾಯ ಹುಡುಕಿದ. ಮಡುವಿನ ಅಂಚಿನಲ್ಲಿ ಅಂತರಗಂಗೆ ದಟ್ಟವಾಗಿ ತೇಲುತ್ತಿತ್ತು. ಉಬ್ಬಿದ ದಂಟು, ದುಂಡನೆಯ ಎಲೆ, ಕೆಳಗೆ ಗಡ್ಡದಂತೆ ಇಳಿಬಿದ್ದ ಬೇರು, ಮೇಲೆ ತಿಳಿ ನೇರಳೆ ಬಣ್ಣದ ಹೂವು. ಬೇರಿನ ತುಂಬ ನೀರು. ನಾಲ್ಕು ಗಿಡ ಬೇರುಸಮೇತ ಕಿತ್ತು ಕೆಳಗೆರಡು ಮೇಲೆರಡು ಹಾಸಿ, ನಡುವೆ ಮೀನಿಟ್ಟು ಚೀಲ ಕಟ್ಟಿದರೆ, ಮನೆಗೆ ಬಂದಾಗಲೂ ಮೀನಿನ ಕಿವಿರು ಕೆಂಪಗೇ ಇರುತ್ತಿತ್ತು.

“ಐಸಿಗೆ ದುಡ್ಡು ಯಾಕ್ಲಾ ಸುರೀಬೇಕು? ದ್ಯಾವ್ರು ಕೊಟ್ಟ ಫ್ರಿಜ್ಜು ಇದು” ಎಂದ ಸ್ವಾಮಿ. ಚಲುವರಾಜುವಿಗೂ ಹೌದೆನಿಸಿತು.

ಸಂಜೆ ಊರಿಗೆ ಬಂದವರು ನೇರ ಕೆರೆಯ ಮೆಟ್ಟಿಲಿಗೆ ಹೋಗಿ ಮೀನು ಹಸನು ಮಾಡುತ್ತಿದ್ದರು. ಚೀಲವನ್ನು ತಿರುವಿ ನೀರಿಗೆ ಕೊಡವಿದರೆ ಆಯಿತು, ಅಂತರಗಂಗೆ ತೇಲಿಕೊಂಡು ಹೋಗುತ್ತಿತ್ತು. ಕೆರೆಗೆ ಗಾಳ ಹಾಕಬೇಡಿ ಎಂದಿದ್ದಳೇ ಹೊರತು, ಕೆರೆಯಲ್ಲಿ ಚೀಲ ತೊಳೆಯಬೇಡಿ ಎಂದು ರಮ್ಯಾ ಹೇಳಿರಲಿಲ್ಲವಲ್ಲ.

ಒಂದೂವರೆ ತಿಂಗಳು ಹೀಗೇ ನಡೆಯಿತು. ಒಂದು ಬೆಳಿಗ್ಗೆ ಚಲುವರಾಜುವಿನ ತಾಯಿ ಚಿಕ್ಕಬೀರಮ್ಮ ಕೆರೆಯಿಂದ ಬರುವಾಗ ಕೈಯಲ್ಲಿ ನೇರಳೆ ಹೂವಿನ ಗೊಂಚಲೊಂದನ್ನು ಹಿಡಿದುಕೊಂಡು ಬಂದಳು.

“ನಮ್ ಕೆರೇಲಿ ಎಂಥ ಚೆಂದದ ಊವಾಗವೆ ನೋಡವ್ವ ರಮ್ಯಾ. ಯಾವ ಪುಣ್ಯಾತ್ಮ ತಂದು ಬುಟ್ನೋ ಕಾಣೆ” ಎಂದು ದೇವರ ಪಟಕ್ಕೆ ಮುಡಿಸಿದಳು.

ಪುಣ್ಯಾತ್ಮ ಅಲ್ಲೇ ಜಗಲಿಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ.

ಆ ವಾರವೇ ಮೀನುಗಾರಿಕೆ ಇಲಾಖೆಯ ಪದ್ಮಶ್ರೀ ಕೆರೆ ನೋಡಲು ಬಂದರು. ಸ್ಕೂಟರಿನಲ್ಲಿ ಊರೂರು ತಿರುಗಿ, ಮೀನು ಸಾಕುವವರಿಗೆ ತಿಳಿವಳಿಕೆ ಹೇಳುವುದು ಅವರ ಕೆಲಸ. ಸಣ್ಣ ಬಲೆ ಬೀಸಿ ನಾಲ್ಕು ಮೀನು ಹಿಡಿದು ತೂಗಿ ನೋಡಿದರು. ಬೆಳವಣಿಗೆ ಚೆನ್ನಾಗಿದೆ ಎಂದರು. ಸಂಘದ ಹೆಂಗಸರ ಮುಖ ಅರಳಿತು. ಆಮೇಲೆ ಪದ್ಮಶ್ರೀ ಏರಿಯ ಮೇಲೆ ನಡೆಯುತ್ತ ತೂಬಿನ ಮೂಲೆಗೆ ಹೋದರು. ಗಾಳಿ ಎಲ್ಲವನ್ನೂ ತಳ್ಳಿಕೊಂಡು ಹೋಗಿ ಸೇರಿಸುವ ಮೂಲೆ ಅದು. ಅಲ್ಲಿ ಒಂದು ಅಂಗಳದಷ್ಟು ಅಗಲಕ್ಕೆ ಹಸಿರು ಹಾಸು ಬಿದ್ದಿತ್ತು.

“ಇದ್ಯಾವಾಗ ಬಂತು ರಮ್ಯಾ?”

“ಈಗೀಗ ಕಾಣ್ತಾ ಅವೆ ಮೇಡಂ. ನಮ್ಮತ್ತೆ ಊವಾ ಕಿತ್ಕೊಂಡು ಬಂದಿದ್ರು.”

“ಈ ಕೆರೆಗೆ ಬೇರೆ ನೀರಿನ ಕಾಲುವೆ ಇಲ್ಲ. ತಾನಾಗೇ ಬರೋ ಗಿಡ ಅಲ್ಲ ಇದು. ಯಾರೋ ತಂದಿರಬೇಕು. ಊರಲ್ಲಿ ಹೊರಗಡೆ ಮೀನಿಗೆ ಹೋಗೋರು ಯಾರಿದ್ದಾರೆ?”

ಹನ್ನೊಂದು ಹೆಂಗಸರೂ ಒಟ್ಟಿಗೆ ರಮ್ಯಾಳ ಮುಖ ನೋಡಿದರು. ರಮ್ಯಾ ಏರಿಯ ಕೆಳಗೆ ದನ ಹೊಡೆದುಕೊಂಡು ಹೋಗುತ್ತಿದ್ದ ಗಂಡನ ಕಡೆಗೆ ನೋಡಿದಳು.

ಚಲುವರಾಜು ಸುಳ್ಳು ಹೇಳುವವನಲ್ಲ. ಚೀಲದ ಕಥೆಯನ್ನೆಲ್ಲ ಹೇಳಿದ. ಆದರೆ ತಪ್ಪೆಂದು ಒಪ್ಪಲು ಮನಸ್ಸು ಬರಲಿಲ್ಲ. “ನಾಕು ಗಿಡ ಮೇಡಂ. ನೀರ್ ಮ್ಯಾಲೆ ತೇಲೋ ಸೊಪ್ಪು. ಅದರಿಂದ ಏನಾಯ್ತದೆ? ಮೀನ್ಗೂ ಒಸಿ ನೆಳ್ಳಾಗ್ಲಿ ಬುಡಿ” ಎಂದ.

ಪದ್ಮಶ್ರೀ ಬೈಯಲಿಲ್ಲ. ಏರಿಯ ಮೇಲೇ ಕೂತುಕೊಂಡು, ಒಂದು ಗಿಡ ಕಿತ್ತು ಅವನ ಕೈಗೆ ಕೊಟ್ಟರು.

“ಈ ಎಳೆ ನೋಡಿ ಅಣ್ಣ, ತಾಯಿ ಗಿಡದಿಂದ ಪಕ್ಕಕ್ಕೆ ಚಾಚಿದೆಯಲ್ಲ, ಇದರ ತುದೀಲಿ ಆಗಲೇ ಒಂದು ಮರಿ ಇದೆ. ಆ ಮರೀಗೆ ಇನ್ನೊಂದು ಮರಿ. ಇದು ನಮ್ಮ ಸೀಮೆಯ ಗಿಡವೇ ಅಲ್ಲ, ಎಲ್ಲೋ ದಕ್ಷಿಣ ಅಮೆರಿಕದ್ದು. ಹೂವು ಚೆನ್ನಾಗಿದೆ ಅಂತ ಯಾರೋ ತಂದ್ರು. ಇಲ್ಲಿ ಇದನ್ನ ತಿಂದು ಹದ್ದುಬಸ್ತಿನಲ್ಲಿಡೋ ಹುಳ, ಪ್ರಾಣಿ ಯಾವುದೂ ಇಲ್ಲ. ಕೆರೆ ಮುಚ್ಚಿಕೊಂಡರೆ ಬಿಸಿಲು ಒಳಗೆ ಇಳಿಯಲ್ಲ. ನೀರಲ್ಲಿರೋ ಗಾಳಿ ಕಮ್ಮಿಯಾಗುತ್ತೆ. ಮೀನೂ ಉಸಿರಾಡಬೇಕಲ್ವಾ? ಸೊಳ್ಳೆ ಮಾತ್ರ ಸುಖವಾಗಿರುತ್ತೆ.”

“ಅಷ್ಟು ಬೇಗ ಬೆಳೀತದಾ? ನಂಗೇನೋ ನಂಬ್ಕೆ ಇಲ್ಲ ಮೇಡಂ.”

“ನಂಬಬೇಡಿ. ನಿಮ್ಮನೇಲಿ ದನಕ್ಕೆ ನೀರಿಡೋ ದೊಡ್ಡ ಟಬ್ ಇದ್ಯಲ್ಲ, ಅದರಲ್ಲಿ ಕೆರೆ ನೀರು ತುಂಬಿ ಮೂರೇ ಮೂರು ಗಿಡ ಬಿಡಿ. ಎರಡು ವಾರ ಬಿಟ್ಟು ನಾನು ಬರ್ತೀನಿ. ಆದ್ರೆ ಕೆರೇಲಿ ಇರೋದನ್ನ ಮಾತ್ರ ಇವತ್ತೇ ತೆಗೀರಿ. ತೆಗೆದದ್ದನ್ನ ನೀರಿನ ಹತ್ರ ಇಡಬೇಡಿ, ದೂರ ಸಾಗಿಸಿ, ಬೇರು ಮೇಲೆ ಮಾಡಿ ಒಣಗಿಸಿ.”

ಚಲುವರಾಜು ಟಬ್ಬಿನ ಕೆಲಸವನ್ನು ಶ್ರದ್ಧೆಯಿಂದ ಮಾಡಿದ. ಪದ್ಮಶ್ರೀ ಸೋಲುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಇತ್ತು. ಕೆರೆಯ ಕೆಲಸವನ್ನು ಮಾತ್ರ ಮೈಗಳ್ಳನ ಹಾಗೆ ಮಾಡಿದ. ಕೈಗೆ ಎಟುಕಿದ್ದನ್ನು ಎಳೆದು, ದೂರ ಹೊರುವವರು ಯಾರು ಎಂದುಕೊಂಡು ದಡದಲ್ಲೇ ಗುಡ್ಡೆ ಹಾಕಿದ. ಎಟುಕದ್ದು ನೀರಿನಲ್ಲೇ ಉಳಿಯಿತು. ಸಂಘದವರಿಗೆ ಆಯಿತು ಎಂದು ಹೇಳಿ ಬಂದ. ರಮ್ಯಾ ಅಂದೇ ತಂಗಿಯ ಬಾಣಂತನಕ್ಕೆಂದು ತವರಿಗೆ ಹೋಗಿದ್ದಳು; ಉಳಿದವರು ಅವನ ಮಾತು ನಂಬಿ ತೂಬಿನ ಮೂಲೆಗೆ ಹೋಗಿ ನೋಡಲಿಲ್ಲ. ಮೂರನೆಯ ದಿನ ಜೋರು ಮಳೆ ಹುಯ್ದು, ದಡದ ಗುಡ್ಡೆಯನ್ನು ಮತ್ತೆ ಕೆರೆಗೇ ತಳ್ಳಿತು.

ಇತ್ತ ಹಿತ್ತಲಿನ ಟಬ್ಬಿಗೆ ಚಿಕ್ಕಬೀರಮ್ಮನೇ ಕಾವಲು. ಕೋಳಿಮರಿ ಎಣಿಸಿ ಅಭ್ಯಾಸವಿದ್ದ ಮುದುಕಿ ದಿನಾ ಬೆಳಿಗ್ಗೆ ಬಗ್ಗಿ ಗಿಡ ಎಣಿಸುತ್ತಿದ್ದಳು. “ಐದಾದ್ವು ಕಣ್ಲಾ ಚಲುವ” ಎಂದಳು ನಾಲ್ಕನೆಯ ದಿನ. “ಏಳು” ಎಂದಳು ಎಂಟನೆಯ ದಿನ. ಚಲುವರಾಜು ಕೇಳಿಸಿಕೊಂಡರೂ ಕೇಳಿಸದವನಂತೆ ದನದ ಮೈ ತಿಕ್ಕುತ್ತಿದ್ದ. ಹದಿಮೂರನೆಯ ದಿನ ಮುದುಕಿ ಕೈಚೆಲ್ಲಿ ಕೂತಳು.

“ನಂಗೆಣ್ಸಕ್ಕಾಗಕಿಲ್ಲ ಮಗ. ನೀರೇ ಕಾಣ್ತಿಲ್ಲ. ಎಲೆ ಎತ್ತಿದ್ರೆ ಕೆಳಗೆ ಸೊಳ್ಳೆ ಮರಿ ಪಿತಗುಟ್ತಾ ಅವೆ. ಇಂಥ ಊವಾ ನಾನು ದ್ಯಾವ್ರಿಗೆ ಮುಡಿಸಿದ್ನಲ್ಲಪ್ಪ.”

ಚಲುವರಾಜು ಬಂದು ನೋಡಿದ. ಅವನಿಗೆ ಟಬ್ಬಿನ ಚಿಂತೆ ಹತ್ತಲಿಲ್ಲ, ಕೆರೆಯ ನೆನಪಾಯಿತು. ಹೆಗಲ ಟವೆಲ್ಲನ್ನೂ ತೆಗೆದುಕೊಳ್ಳದೆ ಏರಿಯ ಕಡೆಗೆ ಓಡಿದ.

ತೂಬಿನ ಮೂಲೆಯ ಹಸಿರು ಈಗ ಒಂದು ಕಣದಷ್ಟು ಹರಡಿತ್ತು. ಬಿಸಿಲು ಇನ್ನೂ ಏರಿರಲಿಲ್ಲ. ಗಿಡಗಳ ಅಂಚಿನಲ್ಲಿ ಮೀನುಗಳು ಗುಂಪುಗುಂಪಾಗಿ ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಜೀವಮಾನವಿಡೀ ಮೀನು ನೋಡಿದವನಿಗೆ ಅದು ಆಟವಲ್ಲ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಕ್ಕೆ ಉಸಿರು ಸಿಗುತ್ತಿರಲಿಲ್ಲ. ಹತ್ತಿಪ್ಪತ್ತು ಆಗಲೇ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಹನ್ನೆರಡು ಹೆಂಗಸರು ತೌಡು ಹಿಂಡಿ ಹಾಕಿ, ಸರದಿಯ ಮೇಲೆ ಕೊಕ್ಕರೆ ಓಡಿಸಿ ಸಾಕಿದ ಮೀನು. ಕೈಯಾರೆ ತಾನೇ ತಂದು ಹಾಕಿದ್ದೆಂದು ನೆನೆದು ಚಲುವರಾಜುವಿಗೆ ನಾಚಿಕೆಯಾಯಿತು, ಅಳುವೂ ಬಂತು.

ಹಿಂದಿನ ಸಂಜೆಯಷ್ಟೇ ತವರಿನಿಂದ ಬಂದಿದ್ದ ರಮ್ಯಾ ಒಲೆಯ ಮುಂದಿದ್ದಳು. ಅವನು ಬಾಗಿಲಲ್ಲೇ ನಿಂತು ಎಲ್ಲ ಹೇಳಿದ. ದಡದಲ್ಲೇ ಗುಡ್ಡೆ ಹಾಕಿದ್ದನ್ನೂ ಬಚ್ಚಿಡಲಿಲ್ಲ.

“ನಂದೇ ತಪ್ಪು ಕಣಮ್ಮಿ. ಸಂಗದೋರ್ಗೆ ನಾನೇ ಯೋಳ್ತೀನಿ. ಏನಾದ್ರೂ ಬೈಲಿ.”

ರಮ್ಯಾಳ ಕಣ್ಣೂ ತುಂಬಿತ್ತು. ಅವಳು ಒಲೆಯ ಸೌದೆ ಹಿಂದಕ್ಕೆಳೆದು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. “ಬಯ್ಯಾಕೆ, ಅಳಾಕೆ ಸಂಜೆ ಗಂಟ ಟೈಮದೆ. ಮೊದ್ಲು ಹಗ್ಗ ತಕ್ಕಳಿ. ನಾನು ಮೇಡಂಗೆ ಫೋನ್ ಮಾಡ್ತೀನಿ.”

ಪದ್ಮಶ್ರೀ ಫೋನಿನಲ್ಲೇ ಹೇಳಿದರು. “ಪಂಪ್‌ಸೆಟ್ ಇದ್ರೆ ಕೆರೆ ನೀರನ್ನೇ ಎತ್ತಿ, ಮೇಲಿಂದ ಚಿಮ್ಮಿಸಿ ಮತ್ತೆ ಕೆರೆಗೇ ಬಿಡಿ, ನೀರಿಗೆ ಗಾಳಿ ಸೇರುತ್ತೆ. ಗಿಡಾನ ಕತ್ತರಿಸಬೇಡಿ, ತುಂಡಿನಿಂದಲೂ ಚಿಗುರುತ್ತೆ. ಬೇರುಸಮೇತ ಎಳೀರಿ. ಆಳಕ್ಕೆ ಒಬ್ಬೊಬ್ರೇ ಇಳೀಬೇಡಿ. ನಾನೂ ಹೊರಟೆ.”

ಸ್ವಾಮಿ ತನ್ನ ಡೀಸೆಲ್ ಪಂಪನ್ನು ಟ್ರ್ಯಾಕ್ಟರಿಗೆ ಹಾಕಿಕೊಂಡು ಬಂದ. ಮುಖ ಮಾತ್ರ ಎತ್ತಲಿಲ್ಲ, ದೇವರು ಕೊಟ್ಟ ಫ್ರಿಜ್ಜು ಅವನದೇ ತಲೆಯಿಂದ ಬಂದದ್ದಲ್ಲವೇ. ಹನ್ನೆರಡು ಮನೆಯವರೂ ಬಂದರು. ಅವರೆದುರು ಚಲುವರಾಜು ತನ್ನ ತಪ್ಪನ್ನು ತಾನೇ ಒಪ್ಪಿಕೊಂಡ. ದಡದ ಗಿಡ ಕೈಗೆ ಬಂತು. ನಡುವಿನ ಹಾಸು ಯಾರಿಗೂ ಎಟುಕಲಿಲ್ಲ. ಆಗ ಚಲುವರಾಜುವಿಗೆ ದಾರಿ ಹೊಳೆಯಿತು. ಕಬ್ಬಿಣದ ಸಲಾಕೆಗಳನ್ನು ಬಗ್ಗಿಸಿ, ಮೂರನ್ನು ಸೇರಿಸಿ ಕಟ್ಟಿ, ಬಾವಿ ಹಗ್ಗಕ್ಕೆ ಬಿಗಿದು ಒಂದು ದೊಡ್ಡ ಗಾಳ ಮಾಡಿದ. ಬೀಸಿ ಎಸೆದರೆ ಹಾಸಿನ ಆಚೆ ತುದಿಗೆ ಹೋಗಿ ಕಚ್ಚಿಕೊಳ್ಳುತ್ತಿತ್ತು. ನಾಲ್ಕು ಜನ ಹಗ್ಗ ಹಿಡಿದು ಎಳೆದರೆ ಒಂದು ಚಾಪೆಯಗಲ ಸೊಪ್ಪು ದಡಕ್ಕೆ.

“ನೋಡಮ್ಮಿ, ಕೊನೆಗೂ ನಿನ್ ಕೆರೆಗೆ ಗಾಳ ಹಾಕ್ದೆ” ಎಂದ ಅವನು, ಬೆವರು ಒರೆಸಿಕೊಳ್ಳುತ್ತ.

“ಹಾಕಿ ಹಾಕಿ. ಸಂಜೆ ಗಂಟ ನಿಲ್ಲಿಸ್ಬ್ಯಾಡಿ” ಎಂದಳು ರಮ್ಯಾ. ಹೆಂಗಸರೆಲ್ಲ ನಕ್ಕರು. ಅಷ್ಟು ಹೊತ್ತಿನ ಮೇಲೆ ಕೆರೆಯ ಹತ್ತಿರ ಕೇಳಿಬಂದ ಮೊದಲ ನಗು ಅದು.

ಸಂಜೆಯ ಹೊತ್ತಿಗೆ ಮುಕ್ಕಾಲು ಮೂಲೆ ತೆರವಾಯಿತು. ಎಳೆದ ಸೊಪ್ಪನ್ನೆಲ್ಲ ಟ್ರ್ಯಾಕ್ಟರಿನಲ್ಲಿ ದೂರದ ಒಣ ಹೊಲಕ್ಕೆ ಸಾಗಿಸಿ ಬೇರು ಮೇಲೆ ಮಾಡಿ ಹರವಿದರು. ಮರುದಿನ ಉಳಿದದ್ದನ್ನೂ, ಹಿತ್ತಲಿನ ಟಬ್ಬಿನದನ್ನೂ ತೆಗೆದರು. ಮೂರನೆಯ ಬೆಳಿಗ್ಗೆ ರಮ್ಯಾ ಏರಿಯ ಮೇಲೆ ನಿಂತು ತೌಡು ಎಸೆದಳು. ನೀರು ಕಲಕಿತು. ಮೀನುಗಳು ಬಂದು ಕಚ್ಚಿ ತಳಕ್ಕೆ ಹೋದವು, ಮೇಲೆ ನಿಂತು ಬಾಯಿ ಬಿಡಲಿಲ್ಲ. ನಲವತ್ತು ಐವತ್ತು ಸತ್ತಿದ್ದವು. ಮಿಕ್ಕವು ಬದುಕಿ ಉಳಿದವು. ಅವಳು ಅಲ್ಲೇ ಕುಸಿದು ಕೂತು ಸಮಾಧಾನವಾಗುವಷ್ಟು ಅತ್ತಳು.

“ಗಿಡ ಹೋಯ್ತು, ಬೀಜ ಹೋಗಿಲ್ಲ” ಎಂದು ಪದ್ಮಶ್ರೀ ಎಚ್ಚರಿಸಿದರು. “ಹೂವು ಬಿಟ್ಟಿತ್ತಲ್ಲ, ಉದುರಿದ ಬೀಜ ಕೆಸರಿನಲ್ಲಿ ವರ್ಷಗಟ್ಟಲೆ ಕಾದಿರುತ್ತೆ. ವಾರಕ್ಕೊಂದು ಸಲ ಕೆರೆ ಸುತ್ತಬೇಕು. ಒಂದು ಮರಿ ಕಂಡರೂ ಅವತ್ತೇ ಕೀಳಬೇಕು.”

“ಅದು ನನ್ ಕೆಲ್ಸ” ಎಂದ ಚಲುವರಾಜು. ಯಾರೂ ಕೇಳುವ ಮೊದಲೇ.

ಗಾಳದ ಹುಚ್ಚು ಬಿಟ್ಟನೇ? ಅದನ್ನು ಯಾರೂ ಬಿಡು ಎನ್ನಲೂ ಇಲ್ಲ. ಈಗಲೂ ಭಾನುವಾರ ಸಾಲಿಗ್ರಾಮಕ್ಕೆ ಹೋಗುತ್ತಾನೆ. ಕೆರೆ ಸುತ್ತಿ ಬಂದ ಮೇಲೆ ಹೋಗುತ್ತಾನೆ, ಅಷ್ಟೇ. ಮೀನಿನ ಮೇಲೆ ಈಗ ಒದ್ದೆ ಗೋಣಿತಾಟು ಹೊದಿಸುತ್ತಾನೆ, ಮೀನು ಹಾಗೇ ತಣ್ಣಗಿರುತ್ತದೆ. ಹೊರಡುವ ಮುಂಚೆ ಚೀಲ, ಬಲೆ, ಗಾಳದ ದಾರ ಎಲ್ಲವನ್ನೂ ಹೊಳೆಯ ದಂಡೆಯಲ್ಲೇ ಕೊಡವಿ, ಅಂಟಿದ ಎಲೆ ಬೇರು ಕಿತ್ತು, ಮಿಕ್ಕ ನೀರನ್ನು ಅಲ್ಲೇ ಚೆಲ್ಲಿ ಬರುತ್ತಾನೆ. ಮನೆಗೆ ಬಂದು ಎಲ್ಲವನ್ನೂ ಬಿಸಿಲಿಗೆ ಹರವುತ್ತಾನೆ. ಮಡುವಿನ ಹತ್ತಿರ ಯಾರಾದರೂ ಅಂತರಗಂಗೆ ಕೀಳುವುದು ಕಂಡರೆ ಹೋಗಿ ಪಕ್ಕದಲ್ಲಿ ಕೂತು, ಬೀಡಿ ಹಚ್ಚಿ, ತನ್ನ ಕೆರೆಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತಾನೆ. ತನ್ನನ್ನೇ ಬೈದುಕೊಂಡು ಹೇಳುತ್ತಾನೆ. ಕೇಳಿದವರು ನಗುತ್ತಾರೆ, ಗಿಡವನ್ನು ಮಾತ್ರ ಅಲ್ಲೇ ಬಿಟ್ಟು ಹೋಗುತ್ತಾರೆ.

ಈ ಕಥೆ ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನೀವೂ ರಜೆಯ ದಿನ ಎಲ್ಲಿಗಾದರೂ ಹೋಗುತ್ತೀರಿ. ಹೊಳೆಗೆ ಈಜಲು, ಕೆರೆಗೆ ಗಾಳ ಹಾಕಲು, ಹಿನ್ನೀರಿನ ದಂಡೆಯಲ್ಲಿ ಉಣ್ಣಲು, ಕಾಕನಕೋಟೆಯ ಕಡೆಗೆ ಕಾಡು ನೋಡಲು. ಖಂಡಿತ ಹೋಗಿ. ಹೊರಡುವ ಮುಂಚೆ ಐದೇ ನಿಮಿಷ ನಿಂತು ನಿಮ್ಮನ್ನು ನೀವೇ ನೋಡಿಕೊಳ್ಳಿ. ಚಪ್ಪಲಿಯ ಅಡಿಯ ಕೆಸರು, ಪಂಚೆ ಪ್ಯಾಂಟಿಗೆ ಅಂಟಿದ ಬೀಜ, ಬೈಕಿನ ಚಕ್ರಕ್ಕೆ ಮೆತ್ತಿದ ಮಣ್ಣು, ಬಲೆಗೆ ಸಿಕ್ಕಿಕೊಂಡ ಎಳೆ, ಎಲ್ಲವನ್ನೂ ಅಲ್ಲಿಯೇ ಕೊಡವಿ. ಹೂವು ಚೆಂದ ಇದೆಯೆಂದು ಗಿಡ ತರಬೇಡಿ. ಒಂದು ನೀರಿನಲ್ಲಿ ಹಿಡಿದ ಜೀವಂತ ಮೀನನ್ನು ಇನ್ನೊಂದು ನೀರಿಗೆ ಬಿಡಬೇಡಿ. ಮನೆಯ ಗಾಜಿನ ತೊಟ್ಟಿಯ ಮೀನು ಬೇಜಾರಾಯಿತೆಂದು ಕೆರೆಗೆ ಸುರಿಯಬೇಡಿ. ನಿಮ್ಮ ಕೆರೆಯಲ್ಲಿ ಈ ಗಿಡ ಈಗಾಗಲೇ ಕಂಡಿದ್ದರೆ ನಾಳೆ ನೋಡೋಣ ಎನ್ನಬೇಡಿ. ಹತ್ತು ಗಿಡ ಇದ್ದಾಗ ಒಬ್ಬರೇ ಕೀಳಬಹುದು, ಕೆರೆ ತುಂಬಿದ ಮೇಲೆ ಇಡೀ ಊರು ಇಳಿದರೂ ಸಾಲದು.

ಕಟ್ಟೆಕೊಪ್ಪಲಿನ ಹನ್ನೆರಡು ಹೆಂಗಸರು ಯುಗಾದಿ ಕಳೆದ ಮೇಲೆ ಬಲೆ ಬೀಸುವವರಿದ್ದಾರೆ. ಅವರ ಮೀನು ಉಳಿದದ್ದು ಒಂದೇ ಒಂದು ಬೆಳಗಿನ ಅಂತರದಲ್ಲಿ. ನಿಮ್ಮ ಕೆರೆಯ ನೀರಿನಲ್ಲೂ ಯಾರದೋ ಬದುಕು ಈಜುತ್ತಿದೆ. ಅದಕ್ಕೆ ಉಸಿರು ಕಟ್ಟುವ ಹಾಗೆ ಮಾಡುವವರು ನೀವಾಗಬೇಡಿ.